ನೀರಿಲ್ಲದ ಹಳ್ಳ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ. ಬಳ್ಳಾರಿಯವರು ಬಹುಕಾಲ ‘ಪಶ್ಚಿಮ ತಾಲ್ಲೂಕುಗಳು’ ಎಂದು ಒಂದೇ ಉಸಿರಿಗೆ ಹೇಳಿದ ಸೀಮೆ ಇದು. 2021ರಿಂದ ವಿಜಯನಗರ ಜಿಲ್ಲೆಯ ಪಾಲು. ಒಂದೇ ಉಸಿರಿಗೆ ಹೇಳಬಹುದಾದ ಈ ಊರುಗಳನ್ನು ಒಂದೇ ನಕ್ಷೆಯಲ್ಲಿ ನೋಡುವುದಕ್ಕೆ ಮಾತ್ರ ಸರ್ವೆ ಆಫ್ ಇಂಡಿಯಾ ಬಿಡಲಿಲ್ಲ. ಅದರ ಹಳೆಯ ಎಣಿಕೆಯಲ್ಲಿ ಹಡಗಲಿ ಇರುವುದು 48-ಎಂ ಹಾಳೆಯಲ್ಲಿ, ಹರಪನಹಳ್ಳಿ 48-ಎನ್‌ನಲ್ಲಿ, ಹಗರಿಬೊಮ್ಮನಹಳ್ಳಿ 57-ಎ ಹಾಳೆಯಲ್ಲಿ, ಕೊಟ್ಟೂರು ಮತ್ತು ಕೂಡ್ಲಿಗಿ 57-ಬಿಯಲ್ಲಿ. 76 ಡಿಗ್ರಿ ರೇಖಾಂಶವೂ 15 ಡಿಗ್ರಿ ಅಕ್ಷಾಂಶವೂ ಸಂಧಿಸುವ ಜಾಗ ಈ ಊರುಗಳ ನಡುವೆಯೇ ಬರುವುದರಿಂದ ನಾಲ್ಕು ಹಾಳೆಗಳ ಮೂಲೆ ಇಲ್ಲಿ ಕೂಡುತ್ತದೆ. 2005ರ ನಕ್ಷೆ ನೀತಿಯ ನಂತರ ಬಂದ ಹೊಸ ಎಣಿಕೆಯಲ್ಲಿ ಐದೂ ಊರು ಡಿ-43 ಎಂಬ ಒಂದೇ ದೊಡ್ಡ ಹಾಳೆಯೊಳಗೆ ಬಂದಿವೆ. ಆದರೂ ಹೊಲದ ಅಂಚು, ಊರಿನ ದಾರಿ ಕಾಣುವಷ್ಟು ದೊಡ್ಡ ಅಳತೆಯ ನಕ್ಷೆ ಬೇಕೆಂದರೆ ಇಂದಿಗೂ ಹಾಳೆಗೆ ಹಾಳೆ ಅಂಟಿಸಿಕೊಳ್ಳಲೇಬೇಕು.

ಅಂಟಿಸಿಕೊಂಡು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಗೆರೆಗಳು. ಹಡಗಲಿಯ ಅಂಚಿಗೆ ತುಂಗಭದ್ರೆ ನೀಲಿಯಾಗಿ ಅಗಲವಾಗಿ ಹರಿಯುತ್ತದೆ. ಅದನ್ನು ಬಿಟ್ಟು ಒಳನಾಡಿಗೆ ಬಂದರೆ ನೀಲಿ ಕಡಿಮೆಯಾಗಿ ಕಪ್ಪು ಹೆಚ್ಚುತ್ತದೆ. ಟೋಪೋಶೀಟ್ ಎಂದು ಕರೆಯುವ ಈ ಹಾಳೆಗಳ ಕಟ್ಟಳೆ ಅದು: ನೀರಿರುವ ಹರಿವಿಗೆ ನೀಲಿ, ಒಣಗಿ ನಿಂತ ಹರಿವಿಗೆ ಕಪ್ಪು. ಮಳೆ ಬಿದ್ದ ನಾಲ್ಕು ದಿನ ತುಂಬಿ, ಉಳಿದ ಕಾಲವೆಲ್ಲ ಮರಳು ಕಲ್ಲು ಬಿಸಿಲಿಗೆ ಕಾಯುವ ದಾರಿಗಳೆಲ್ಲ ಕಪ್ಪು. ಕೂಡ್ಲಿಗಿ ಕಡೆಯ ಹಾಳೆಯಲ್ಲಂತೂ ಈ ಕಪ್ಪು ಗೆರೆಗಳು ಒಂದರೊಳಗೊಂದು ಸೇರುತ್ತಾ ಇಡೀ ಕಾಗದವನ್ನು ತುಂಬಿಬಿಡುತ್ತವೆ.

ಈ ಕಪ್ಪು ಗೆರೆಗೆ ಊರಿನವರ ಹೆಸರು ಹಳ್ಳ. ನೀಲಿಯದಕ್ಕೂ, ಅದು ಹೊಳೆಯಷ್ಟು ದೊಡ್ಡದಾಗದಿದ್ದರೆ, ಅದೇ ಹೆಸರು. ನಕ್ಷೆ ಬಣ್ಣ ಬದಲಿಸಿದ ಕಡೆ ಕನ್ನಡ ಪದ ಬದಲಿಸಿಲ್ಲ. ಯಾಕೆ ಬದಲಿಸಲಿಲ್ಲ ಎನ್ನುವುದಕ್ಕೆ ಉತ್ತರ ಈ ಪದದ ಹುಟ್ಟಿನಲ್ಲೇ ಇದೆ.

ಇಂದಿನ ಮಾತಿನಿಂದಲೇ ಹಿಂದಕ್ಕೆ ಹೋಗೋಣ. ಮುಂಗಾರಿನ ಒಂದು ಸಂಜೆ ಜೋರು ಮಳೆ ಸುರಿದರೆ ಈ ಸೀಮೆಯಲ್ಲಿ ‘ಹಳ್ಳ ಬಂದೈತೆ, ಬಸ್ಸು ಆಚೆ ದಂಡಿಗೇ ನಿಂತೈತೆ’ ಎನ್ನುತ್ತಾರೆ. ಹಳ್ಳ ಬರುತ್ತದೆ. ನೆಂಟರು ಬಂದ ಹಾಗೆ ಎಲ್ಲಿಂದಲೋ ಬರುತ್ತದೆ, ಎರಡು ತಾಸು ಇದ್ದು ಹೋಗುತ್ತದೆ. ಅದೇ ಜನ ಅದೇ ಮಳೆಗೆ ‘ಹಳ್ಳ ತುಂಬೈತೆ’ ಎಂದೂ ಹೇಳುತ್ತಾರೆ. ತುಂಬಬೇಕಾದರೆ ಅದು ಮೊದಲೇ ಅಲ್ಲಿರಬೇಕಲ್ಲ! ಬಂದದ್ದು ನೀರು, ತುಂಬಿದ್ದು ತಗ್ಗು. ಎರಡಕ್ಕೂ ಪದ ಒಂದೇ. ‘ಹಳ್ಳ ಬತ್ತಿತು’ ಎಂದಾಗ ನೀರು, ‘ಹಳ್ಳಕ್ಕೆ ಇಳಿದ’ ಎಂದಾಗ ಜಾಗ. ‘ಹಳ್ಳದ ದಂಡೆ’ ಎಂದಾಗ ಯಾವುದು ಎಂದು ಕೇಳುವವರೇ ಇಲ್ಲ. ಬೇಸಗೆಯಲ್ಲಿ ಕುರಿ ಹಿಂಡು ಬರಿ ಮರಳಿನ ಮೇಲೆ ನಡೆದು ಹೋಗುತ್ತಿದ್ದರೂ ‘ಕುರಿ ಹಳ್ಳದಾಗ ಅದಾವ’ ಎಂದೇ ಹೇಳುವುದು. ಅಲ್ಲಿ ನೀರು ಎಲ್ಲಿದೆ ಎಂದು ಯಾರೂ ತಕರಾರು ಎತ್ತುವುದಿಲ್ಲ.

ಹಳ್ಳದ ಹಳೆಯ ರೂಪ ಪಳ್ಳ. ಹಳಗನ್ನಡದ ಪದಾದಿಯ ಪಕಾರ ಸುಮಾರು ಹತ್ತನೆಯ ಶತಮಾನದಿಂದ ಸಡಿಲಗೊಳ್ಳುತ್ತಾ ಬಂದು, ಮೂರು ನಾಲ್ಕು ಶತಮಾನಗಳಲ್ಲಿ ಹಕಾರವಾಗಿ ನಿಂತದ್ದು ಎಲ್ಲರಿಗೂ ಗೊತ್ತಿರುವ ಸಂಗತಿ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಅದಕ್ಕೆ ಉದಾಹರಣೆ ಬೇಕೆಂದರೆ ಈ ಸೀಮೆಯನ್ನು ಬಿಟ್ಟು ಹೊರಗೆ ಹೋಗುವುದೇ ಬೇಡ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೂವಿನ ಹಡಗಲಿಯ ಹೆಸರು ‘ಪೂವಿನ ಪೊಸವಡಂಗಿಲೆ’. ಪೂ ಎಂಬುದು ಹೂ ಆಯಿತು. ಪೊಸ, ಅಂದರೆ ಹೊಸ, ಕಾಲಕ್ರಮದಲ್ಲಿ ಉದುರಿಹೋಯಿತು. ಆದೇಶ ಸಂಧಿಯಲ್ಲಿ ವಕಾರವಾಗಿ ಅಡಗಿದ್ದ ಪಡಂಗಿಲೆಯ ಪಕಾರ, ಹಿಂದಿನ ಪದ ಕಳಚಿಕೊಂಡ ಮೇಲೆ ಹಕಾರವಾಗಿ ಹೊರಬಂದು ಹಡಗಲಿ ನಿಂತಿತು. ಇಲ್ಲಿಂದ ವಿಜಯನಗರದ ಅರಸರಿಗೆ ತುಂಗಭದ್ರೆಯಲ್ಲಿ ಹಡಗಿನ ತುಂಬ ಹೂವು ಹೋಗುತ್ತಿತ್ತು, ಅದಕ್ಕೇ ಹಡಗಲಿ ಎಂಬ ಕಥೆ ಇದೆ. ಕಥೆ ಚೆನ್ನಾಗಿದೆ, ಹೂವು ಹೋಗಿರಲೂಬಹುದು. ಆದರೆ 1336ರಲ್ಲಿ ಹುಟ್ಟಿದ ರಾಜ್ಯದ ಹೂವಿನಿಂದ ಅದಕ್ಕೂ ಹಿಂದಿನ ಶಾಸನದ ಊರಿಗೆ ಹೆಸರು ಬರುವುದು ಹೇಗೆ?

ಮತ್ತೆ ಪಳ್ಳಕ್ಕೆ. ಇದು ದ್ರಾವಿಡ ಭಾಷೆಗಳ ಹಳೆಯ ಸೊತ್ತು. ತಮಿಳಿನಲ್ಲಿ ಪಳ್ಳಂ ಎಂದರೆ ತಗ್ಗು, ಇಳಿಜಾರಿನ ಕೆಳಗಿನ ನೆಲ, ಕುಳಿ. ಮೇಡು ಅದರ ಎದುರು ಪದ. ಮಲಯಾಳದಲ್ಲೂ ಪಳ್ಳಂ. ತೆಲುಗಿನಲ್ಲಿ ಪಲ್ಲಮು, ಅರ್ಥ ತಗ್ಗು ನೆಲ. ಬರೋ ಮತ್ತು ಎಮೆನೋ 1961ರಲ್ಲಿ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿ ಕೋಶ ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಗಮನಿಸಬೇಕಾದದ್ದು ಏನೆಂದರೆ, ನೆರೆಯ ಭಾಷೆಗಳಲ್ಲಿ ಈ ಪದದ ತಿರುಳು ನೆಲದ ಆಕಾರ. ನೀರು ಅಲ್ಲಿ ಕಡ್ಡಾಯವಲ್ಲ. ನಮ್ಮ ಗಡಿಯಾಚೆಯ ತೆಲುಗರು ‘ನೀರು ಪಲ್ಲಮೆರುಗು, ನಿಜಮು ದೇವುಡೆರುಗು’ ಎನ್ನುತ್ತಾರೆ. ನೀರಿಗೆ ತಗ್ಗು ಗೊತ್ತು, ನಿಜ ದೇವರಿಗೆ ಗೊತ್ತು ಎಂದು. ಆ ಗಾದೆಯಲ್ಲಿ ನೀರು ಬೇರೆ, ಪಲ್ಲ ಬೇರೆ. ಒಂದು ಇನ್ನೊಂದನ್ನು ಹುಡುಕಿಕೊಂಡು ಹೋಗುತ್ತದೆ.

ಕರಾವಳಿಯಲ್ಲಿ ಪಳ್ಳ ಇನ್ನೂ ಪಳ್ಳವಾಗಿಯೇ ಉಳಿದಿದೆ. ಮಣಿಪಾಲ ಎಂಬ ಹೆಸರು ಮಣ್ಣು ಮತ್ತು ಪಳ್ಳ ಸೇರಿ ಬಂದದ್ದು. ಅಲ್ಲಿನ ಮಣ್ಣಪಳ್ಳ ಕೆರೆ ಇಂದಿಗೂ ಆ ಹೆಸರನ್ನು ಹೊತ್ತುಕೊಂಡಿದೆ. ಕಾಸರಗೋಡಿನ ಮುರಕಲ್ಲಿನ ಹಾಸುಗಳ ಮೇಲೆ ಮಳೆಗಾಲದಲ್ಲಿ ನೀರು ನಿಲ್ಲುವ ಸಹಜ ಕುಳಿಗಳಿಗೂ ಪಳ್ಳವೆಂದೇ ಹೆಸರು. ಅಲ್ಲಿ ಪಳ್ಳ ಹರಿಯುವುದಿಲ್ಲ, ನಿಲ್ಲುತ್ತದೆ. ಹೀಗೆ ಒಂದೇ ಪದ ಕಡಲ ಬದಿಯಲ್ಲಿ ನಿಂತ ನೀರಾಗಿ, ಘಟ್ಟ ಹತ್ತಿ ಬಯಲಿಗೆ ಬಂದ ಮೇಲೆ ಹರಿಯುವ ನೀರಾಗಿದೆ. ನೆಲದ ಇಳಿಜಾರು ಹೇಗಿದೆಯೋ ಹಾಗೆ ಅರ್ಥ ಬಾಗಿದೆ ಎಂದು ನನಗನ್ನಿಸುತ್ತದೆ. ಹಾಸುಗಲ್ಲಿನ ಮೇಲೆ ತಗ್ಗು ಎಂದರೆ ಮುಚ್ಚಿದ ಕುಳಿ. ಬಯಲುಸೀಮೆಯಲ್ಲಿ ತಗ್ಗು ಎಂದರೆ ಉದ್ದಕ್ಕೆ ಸಾಗುವ ಓಣಿ.

ಬಯಲಿನೊಳಗೂ ಒಂದು ಗಡಿ ಇದೆ. ಬೆಂಗಳೂರು ಮೈಸೂರು ಕಡೆ ರಸ್ತೆಯಲ್ಲಿ ಹಳ್ಳ ಬಿದ್ದಿದೆ ಎಂದರೆ ಗುಂಡಿ ಬಿದ್ದಿದೆ ಎಂದು. ಧಾರವಾಡ ಕಡೆಯವರು ಅದನ್ನು ಕೇಳಿದರೆ ರಸ್ತೆಗೆ ಅಡ್ಡ ತೊರೆ ಹರಿದಿದೆಯೋ ಎಂದು ಗಾಬರಿಯಾದಾರು. ಅವರ ರಸ್ತೆಯಲ್ಲಿ ಬೀಳುವುದು ತಗ್ಗು. ಮೈಸೂರಿನವರ ‘ಹಳ್ಳದಿಣ್ಣೆ’ಗೆ ಅವರಲ್ಲಿ ‘ತಗ್ಗುದಿನ್ನಿ’. ಹರಿವಿಗೆ ಹಳ್ಳ ಎಂಬ ಹೆಸರನ್ನು ಕಾದಿರಿಸಿ, ಗುಂಡಿಯ ಅರ್ಥವನ್ನು ತಗ್ಗಿಗೆ ಬಿಟ್ಟುಕೊಟ್ಟು ಉತ್ತರದವರು ಸಂಸಾರ ಬೇರೆ ಮಾಡಿದರು. ದಕ್ಷಿಣದವರು ಗುಂಡಿಗೆ ಹಳ್ಳವನ್ನೇ ಇಟ್ಟುಕೊಂಡು ಹರಿವಿಗೆ ತೊರೆ, ಕಾಲುವೆಗಳನ್ನೂ ಕರೆದುಕೊಂಡರು. ನಮ್ಮ ಐದು ತಾಲ್ಲೂಕು ಈ ಗಡಿಯ ಮೇಲೇ ಕೂತಿವೆ. ಒಂದೆಡೆ ದಾವಣಗೆರೆ ಚಿತ್ರದುರ್ಗ, ಇನ್ನೊಂದೆಡೆ ಹೊಳೆ ದಾಟಿದರೆ ಗದಗ ಹಾವೇರಿ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ಇಲ್ಲಿ ಎರಡೂ ಅರ್ಥ ಕಿವಿಗೆ ಬೀಳುತ್ತವೆ. 1894ರ ಕಿಟ್ಟೆಲ್ ಕೋಶದಲ್ಲೂ ಹಳ್ಳಕ್ಕೆ ಕುಳಿ ಎಂಬ ಅರ್ಥವೂ ತೊರೆ ಎಂಬ ಅರ್ಥವೂ ಅಕ್ಕಪಕ್ಕದಲ್ಲೇ ಇವೆ.

ನುಡಿಗಟ್ಟುಗಳು ಬಹುಪಾಲು ಕುಳಿಯ ಕಡೆಗೆ ವಾಲಿವೆ. ‘ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು’ ಎಂಬ ಗಾದೆಯಲ್ಲಿರುವುದು ನೀರಲ್ಲ, ಏಳಲಾರದ ಗುಂಡಿ. ಇನ್ನೊಬ್ಬರಿಗೆ ಹಳ್ಳ ತೋಡುವವರೂ ಗುಂಡಿಯನ್ನೇ ತೋಡುವುದು. ಪತ್ರಿಕೆಗಳಿಗೆ ಬಹಳ ಪ್ರಿಯವಾದ ‘ಯೋಜನೆ ಹಳ್ಳ ಹಿಡಿಯಿತು’ ಮಾತ್ರ ಹರಿವಿನದ್ದಿರಬೇಕು ಎಂಬುದು ನನ್ನ ಊಹೆ. ದಾರಿ ಹಿಡಿ, ಜಾಡು ಹಿಡಿ ಎನ್ನುವಂತೆ ಹಳ್ಳ ಹಿಡಿ: ಸರಿಯಾದ ದಾರಿ ಬಿಟ್ಟು ನೀರಿನ ದಾರಿಗೆ ಇಳಿದ ಬಂಡಿಯ ಗತಿ ಏನಾಗುತ್ತದೆಂದು ಹೇಳಬೇಕಿಲ್ಲ. ನೀರಾವರಿ ಯೋಜನೆಯೇ ಹಳ್ಳ ಹಿಡಿಯಿತು ಎಂದು ತಲೆಬರಹ ಬಂದಾಗ ಬರೆದವರಿಗೆ ನಗು ಬಂದಿತೋ ಇಲ್ಲವೋ.

ಇನ್ನೆರಡು ಪದಗಳ ಜೊತೆ ಇದನ್ನು ಬೆರೆಸಬಾರದು. ಹಳೆಯ ಎಂಬುದು ರಳಾಕ್ಷರದ ಪೞೆಯದಿಂದ ಬಂದದ್ದು, ಹಳ್ಳಕ್ಕೂ ಅದಕ್ಕೂ ನಂಟಿಲ್ಲ. ಹಳ್ಳಿಯೂ ಬೇರೆ, ಅದರ ಮೂಲ ಪಳ್ಳಿ, ಅರ್ಥ ನೆಲಸಿದ ಜಾಗ. ಕನ್ನಡದಲ್ಲಿ ಹಳ್ಳ ಮತ್ತು ಹಳ್ಳಿಯ ನಡುವೆ ಒಂದು ಗುಡಿಸು ಇದ್ದರೆ, ಟೋಪೋಶೀಟಿನ ರೋಮನ್ ಅಕ್ಷರದಲ್ಲಿ ಕಡೆಯ ಒಂದು ಅಕ್ಷರದ ವ್ಯತ್ಯಾಸ. ಸಣ್ಣ ಅಚ್ಚಿನಲ್ಲಿ, ಗೆರೆಯ ಮೇಲೆ ಬಾಗಿಸಿ ಬರೆದ ಹೆಸರಿನಲ್ಲಿ ಯಾವುದು ಊರು ಯಾವುದು ನೀರು ಎಂದು ಹೊರಗಿನವರು ತಡವರಿಸುವುದು ಸಹಜ. ಹಗರಿಬೊಮ್ಮನಹಳ್ಳಿಯ ಹೆಸರಿನಲ್ಲಂತೂ ಮೊದಲಿಗೆ ನೀರಿದೆ, ಕೊನೆಗೆ ಊರಿದೆ. ಬೊಮ್ಮನಹಳ್ಳಿಗಳು ನಾಡಿನ ತುಂಬ ಇರುವುದರಿಂದ, ಇದು ಯಾವುದು ಎಂದು ಹೇಳಲು ಹಗರಿಯನ್ನು ತಂದು ಮುಂದೆ ನಿಲ್ಲಿಸಬೇಕಾಯಿತು.

ಹಗರಿಯ ವಿಚಾರ ಸ್ವಲ್ಪ ತೊಡಕಿನದು. ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕೂಡಿ ವೇದಾವತಿಯಾಗುತ್ತವೆ. ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ತುಂಬಿ ಮುಂದೆ ಸಾಗಿದ ಮೇಲೆ ಅದೇ ನದಿ ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿಯ ಕಡೆ ಹೋಗಿ ತುಂಗಭದ್ರೆಗೆ ಸೇರುತ್ತದೆ. ಪಂಡಿತರು ಅಘಹರಿ ಎಂದು ಬಿಡಿಸಿ ಪಾಪ ತೊಳೆಯುವವಳು ಎನ್ನುತ್ತಾರೆ. ಸಂಸ್ಕೃತದ ಬಟ್ಟೆ ತೊಡಿಸದ ನದಿ ಹೆಸರು ನಮ್ಮಲ್ಲಿ ಎಲ್ಲಿದೆ, ಇರಲಿ. ತೊಡಕು ಬೇರೆ ಇದೆ. ನಮ್ಮ ಐದು ತಾಲ್ಲೂಕಿನ ನಡುವೆ ಹರಿದು ತುಂಗಭದ್ರಾ ಜಲಾಶಯದ ಹಿನ್ನೀರಿನ ಕಡೆ ಹೋಗುವುದು ಈ ಹಗರಿಯಲ್ಲ, ಚಿಕ್ಕಹಗರಿ. ಅದು ದೊಡ್ಡ ಹಗರಿಯ ಉಪನದಿಯಲ್ಲ, ತನ್ನಷ್ಟಕ್ಕೆ ತುಂಗಭದ್ರೆಯ ಕಡೆ ಹೋಗುವಂಥದು. ಮೊಳಕಾಲ್ಮೂರು ಕಡೆ ಚಿನ್ನಹಗರಿ ಎಂಬ ಮತ್ತೊಂದಿದೆ. ಒಂದೇ ಸೀಮೆಯಲ್ಲಿ ಮೂರು ಹಗರಿಗಳಿದ್ದರೆ, ಹಗರಿ ಎನ್ನುವುದು ಒಂದು ಕಾಲಕ್ಕೆ ಅಂಕಿತನಾಮವೇ ಆಗಿರದೆ ಮರಳು ಹಾಸಿನ ಒಂದು ಬಗೆಯ ಹೊಳೆಗೆ ಇಟ್ಟ ರೂಢನಾಮ ಆಗಿದ್ದಿರಬಹುದಲ್ಲವೇ? ಪುರಾವೆ ಕೇಳಿದರೆ ನಕ್ಷೆಯನ್ನಷ್ಟೇ ತೋರಿಸಬಲ್ಲೆ. ಆದರೆ ಪಾಪ ತೊಳೆಯುವ ಕಥೆಗಿಂತ ಇದು ನನಗೆ ಹೆಚ್ಚು ಒಪ್ಪಿಗೆ.

ಮಾಲವಿಯ ಬಳಿ ಅಣೆಕಟ್ಟು ಇರುವುದು ಇದೇ ಚಿಕ್ಕಹಗರಿಗೆ. ಅದನ್ನು ಹೊಳೆ ಎನ್ನುವವರಿದ್ದಾರೆ, ಹಳ್ಳ ಎನ್ನುವವರಿದ್ದಾರೆ. ಬೇಸಗೆಯಲ್ಲಿ ಅದರ ಪಾತ್ರಕ್ಕಿಳಿದು ಒರತೆ ತೋಡಿದವರು ಹಳ್ಳ ಎಂದರೆ, ಶ್ರಾವಣದಲ್ಲಿ ದಾಟಲಾಗದೆ ದಂಡೆಯಲ್ಲಿ ನಿಂತವರು ಹೊಳೆ ಎಂದಿರಬೇಕು. ಹೊಳೆಗೆ ಮಡು ಬೇಕು, ಅಂದರೆ ಬೇಸಗೆಯಲ್ಲೂ ಎಮ್ಮೆ ಮುಳುಗುವಷ್ಟು ನಿಂತ ನೀರು. ಹಳ್ಳಕ್ಕೆ ಒರತೆ ಸಾಕು. ಮರಳನ್ನು ಮೊಣಕಾಲುದ್ದ ಬಗೆದರೆ ತಿಳಿನೀರು ಒಸರುತ್ತದೆ. ಕೊಡ ತುಂಬುವಷ್ಟು ಹೊತ್ತು ಕಾಯಬೇಕು, ಅಷ್ಟೆ. ಬಳ್ಳಾರಿಯೂ ಸೇರಿದಂತೆ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಮರಳು ನದಿಗಳಲ್ಲಿ ಇದೇ ಉಪಾಯವನ್ನು ದೊಡ್ಡದಾಗಿ ಮಾಡುತ್ತಿದ್ದರು. ಒಣ ಪಾತ್ರದಲ್ಲೇ ಉದ್ದಕ್ಕೆ ಕಾಲುವೆ ತೋಡಿ, ಒಸರಿದ ನೀರನ್ನು ಇಳಿಜಾರಿನಲ್ಲಿ ನಡೆಸಿಕೊಂಡು ಹೋಗಿ ಗದ್ದೆಗೆ ಹಾಯಿಸುವುದು. ಮೇಲೆ ನಿಂತು ನೋಡಿದ ಸರ್ವೆಯವನಿಗೆ ಅದು ಒಣಗಿದ ನದಿ, ಕಪ್ಪು ಗೆರೆ. ಮರಳಿನಡಿ ಹರಿಯುವ ನೀರಿಗೆ ಟೋಪೋಶೀಟಿನಲ್ಲಿ ಬಣ್ಣ ಇಲ್ಲ.

ಸರ್ವೆಯವರು ಇಲ್ಲಿಗೆ ಬಂದ ಕಥೆಯನ್ನೂ ಹೇಳಬೇಕು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. 1807ರವರೆಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಹೊಲ ಹೊಲಕ್ಕೂ ಸರಪಳಿ ಎಳೆಸಿದ. ಸರಪಳಿಯ ಉದ್ದ 33 ಅಡಿ. ಅದು ಬಿಡಿ ಲೆಕ್ಕವಲ್ಲ: 33 ಅಡಿ ಉದ್ದ 33 ಅಡಿ ಅಗಲ ಎಂದರೆ 1,089 ಚದರಡಿ, ಅಂದರೆ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಇಂದು ಪಹಣಿಯಲ್ಲಿ ಎಕರೆ-ಗುಂಟೆ ಓದುವ ನಾವೆಲ್ಲ ಆ ಸರಪಳಿಯ ಲೆಕ್ಕದಲ್ಲೇ ಇದ್ದೇವೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಸರ್ವೆ ನಡೆಸಿ, 1815ರಲ್ಲಿ ಇಡೀ ದೇಶದ ಸರ್ವೇಯರ್ ಜನರಲ್ ಆದ ಕಾಲಿನ್ ಮೆಕೆಂಜಿ ನೆಲದ ಜೊತೆಗೆ ಕಥೆಯನ್ನೂ ಅಳೆದ. ಅವನ ಪಂಡಿತರು ಊರೂರಿನಿಂದ ಬರೆದು ತಂದ ಕೈಫಿಯತ್ತುಗಳು, ಅಂದರೆ ಊರಿನ ಹಳೆಯ ಕಥೆಗಳ ದಾಖಲೆಗಳು, ನಮಗೆ ದಕ್ಕಿರುವುದು ಹೀಗೆ. ಕನ್ನಡದವುಗಳನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಲ್ಯಾಂಬ್ಟನ್ ಎಂಬಾತ ಬೆಂಗಳೂರಿನಿಂದ ಎಳೆಯುತ್ತಾ ಬಂದ ತ್ರಿಕೋನಗಳ ಸಾಲಿಗೆ 1811ರಲ್ಲಿ ಗುತ್ತಿಯ ಬಳಿ ಆಧಾರರೇಖೆ ಅಳೆದ. ತ್ರಿಕೋನ ಕಟ್ಟುವವರಿಗೆ ಬೇಕಾದದ್ದು ಗುಡ್ಡದ ತುದಿ. ತುದಿಯಿಂದ ತುದಿಗೆ ನೋಟ ಹಾಯಿಸಿಕೊಂಡು ಹೋಗುವವರ ಕಣ್ಣಿಗೆ ತಗ್ಗು ಬೀಳುವುದಿಲ್ಲ. ಹಳ್ಳಗಳನ್ನು ನಕ್ಷೆಗೆ ತಂದವರು ಆಮೇಲೆ ಕೆಳಗಿಳಿದು, ಪಟ ಹಲಗೆ ಹೊತ್ತು ನಡೆದವರು.

ಬಂದವರ ಜೊತೆ ಅವರ ಪದಗಳೂ ಬಂದವು. ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಕಚೇರಿಯಲ್ಲಿ ತೆಲುಗಿನ ಪ್ರಭಾವ ಜೋರಾಗಿದ್ದ ಕಾಲದಲ್ಲಿ ಹಳ್ಳ ‘ವಂಕ’ ಎಂಬ ಹೆಸರಲ್ಲೂ ದಾಖಲೆ ಹೊಕ್ಕಿತು. ಪೂರ್ವದ ಅಂಚಿನಲ್ಲಿ ವಂಕ ಇಂದಿಗೂ ಬಳಕೆಯಲ್ಲಿದೆ. ಸರ್ವೆಯವರು ಉತ್ತರದಿಂದ ತಂದದ್ದು ನಾಲಾ. ಇಂಗ್ಲಿಷರು ಅದನ್ನು ತಮ್ಮ ಬಾಯಿಗೆ ಹೊಂದಿಸಿಕೊಂಡು ದೇಶದ ಎಲ್ಲ ಒಣ ಹರಿವುಗಳಿಗೂ ಅಂಟಿಸಿದರು. ಕನ್ನಡಕ್ಕೆ ಬಂದ ನಾಲಾ ಎರಡಾಗಿ ಸೀಳಿತು. ಮೈಸೂರಿನಲ್ಲಿ ಅದು ನಾಲೆಯಾಗಿ, ಮನುಷ್ಯ ತೋಡಿದ ಕಾಲುವೆಯ ಪಟ್ಟಕ್ಕೇರಿತು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಮಂಡ್ಯ ಹಸಿರು. ಕಚೇರಿಯ ಕಡತದಲ್ಲಿ ಮಾತ್ರ ನಾಲಾ ಎಂದರೆ ತಾನಾಗಿ ಹರಿಯುವ ಹಳ್ಳ. ನಾಲಾ ಬದು, ನಾಲಾ ಹೂಳೆತ್ತುವಿಕೆ ಎಂದು ಫಲಕಗಳಲ್ಲಿ ಓದುತ್ತೇವೆ. ಕೆಲಸ ಮಾಡುವ ಕೂಲಿಯವರು ‘ಹಳ್ಳದ ಕೆಲಸ’ ಎನ್ನುತ್ತಾರೆ, ಮಂಜೂರು ಮಾಡಿದವರು ನಾಲಾ ಎನ್ನುತ್ತಾರೆ. ಇಬ್ಬರೂ ಒಂದೇ ಮಣ್ಣಿನ ಮೇಲೆ ನಿಂತಿರುತ್ತಾರೆ.

ಪದ ಹೀಗೆ ಕಚೇರಿಯಲ್ಲಿ ಹಿಂದೆ ಬಿದ್ದರೂ ಊರಿನಲ್ಲಿ ಮನೆತನ ಬೆಳೆಸಿತು. ದಂಡೆಯ ಮೇಲಿನ ಹನುಮಪ್ಪ ಹಳ್ಳದರಾಯನಾದ. ಉತ್ತರ ಕರ್ನಾಟಕದಲ್ಲಿ ಹಳ್ಳದಮನಿ ಎಂಬ ಅಡ್ಡಹೆಸರಿದೆ. ಹಳ್ಳಕ್ಕೂ ಹೆಸರುಗಳಿವೆ, ಆದರೆ ನಕ್ಷೆ ಬಯಸುವಂತೆ ಹುಟ್ಟಿನಿಂದ ಕೂಡುವ ತನಕ ಒಂದೇ ಹೆಸರಲ್ಲ. ಮೇಲಿನ ಊರಿನಲ್ಲಿ ಅದು ಹುಣಸೆಮರದ ಹಳ್ಳ, ಕೆಳಗಿನ ಊರಿನಲ್ಲಿ ಗೌಡರ ಹಳ್ಳ, ಇನ್ನೂ ಕೆಳಗೆ ಸುಡುಗಾಡು ಹಳ್ಳ. ಹೆಸರು ಬದಲಾಗುವುದು ನೀರು ಬದಲಾದ್ದರಿಂದ ಅಲ್ಲ, ದಂಡೆ ಬದಲಾದ್ದರಿಂದ. ಹರಿವನ್ನು ಹಿಡಿದು ಹೆಸರಿಟ್ಟಿದ್ದರೆ ಒಂದೇ ಹೆಸರು ಸಾಕಾಗುತ್ತಿತ್ತು. ಇಟ್ಟದ್ದು ಜಾಗಕ್ಕೆ. ಸರ್ವೆಯವನು ಯಾರದೋ ಬಾಯಿಂದ ಕೇಳಿದ ಒಂದು ಹೆಸರನ್ನು ಗೆರೆಯುದ್ದಕ್ಕೂ ಬರೆದಾಗ ಉಳಿದವು ಕಾಗದಕ್ಕೆ ಬರಲಿಲ್ಲ. ಶಂಬಾ ಜೋಶಿಯವರು ಸ್ಥಳನಾಮಗಳನ್ನು ಹಿಡಿದು ಕನ್ನಡದ ಚರಿತ್ರೆ ಓದಿದ್ದು ಊರುಗಳ ಹೆಸರಿನಿಂದ. ಹೊಲ, ಹಳ್ಳ, ಮರಡಿಗಳ ಹೆಸರನ್ನೂ ಅದೇ ಶ್ರದ್ಧೆಯಿಂದ ಯಾರಾದರೂ ಕೂಡಿಡಬೇಕು. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆ ಕಾದಂಬರಿಗಳಲ್ಲಿ ಈ ಸೀಮೆಯ ಮಾತು ಬೇಕಾದಷ್ಟು ಉಳಿದಿದೆ. ನಕ್ಷೆಯಲ್ಲಿ ಉಳಿದದ್ದು ಕಡಿಮೆ.

ಮರಡಿ ಎಂದೆನಲ್ಲ, ಅದು ಹಳ್ಳದ ಎದುರಾಳಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಕಾರ್ಣಿಕ ನುಡಿಯುವುದು ಡೆಂಕನ ಮರಡಿಯಲ್ಲಿ. ಜನ ಸೇರಲು ದಿಬ್ಬ ಬೇಕು, ನೀರು ಸೇರಲು ಹಳ್ಳ. ಟೋಪೋಶೀಟಿನಲ್ಲಿ ಇವೆರಡನ್ನೂ ತೋರಿಸುವುದು ಕಂದು ಬಣ್ಣದ ಸಮೋನ್ನತ ರೇಖೆ. ಒಂದೇ ಎತ್ತರದ ಬಿಂದುಗಳನ್ನು ಕೂಡಿಸುತ್ತಾ ಹೋಗುವ ಈ ಗೆರೆ ಹಳ್ಳವನ್ನು ದಾಟುವಾಗ ನೇರವಾಗಿ ದಾಟಲಾರದು. ಹಳ್ಳದ ಗುಂಟ ಮೇಲಕ್ಕೆ ನುಗ್ಗಿ, ಅದೇ ಎತ್ತರ ಸಿಕ್ಕಲ್ಲಿ ಆಚೆಗೆ ಹಾರಿ, ಮತ್ತೆ ಕೆಳಗೆ ಬರುತ್ತದೆ. ಹಾಗಾಗಿ ಹಳ್ಳ ಇದ್ದಲ್ಲೆಲ್ಲ ಅದು ಮೇಲ್ಮುಖವಾಗಿ ಚೂಪಾಗುತ್ತದೆ. ಕಪ್ಪು ನೀಲಿ ಗೆರೆಗಳನ್ನೆಲ್ಲ ಅಳಿಸಿಬಿಟ್ಟರೂ ಈ ಚೂಪುಗಳನ್ನು ಕೂಡಿಸುತ್ತಾ ಹೋದರೆ ಹಳ್ಳಗಳು ಒಂದೊಂದಾಗಿ ಎದ್ದು ಬರುತ್ತವೆ. ನೀರಿನ ಸುದ್ದಿಯೇ ಇಲ್ಲದೆ ಹಳ್ಳವನ್ನು ಹೇಳುವ ಗೆರೆ ಇದು. ಪಳ್ಳ ಎಂಬ ಹಳೆಯ ಪದಕ್ಕೆ ನಕ್ಷೆಯಲ್ಲಿ ಇದಕ್ಕಿಂತ ಹತ್ತಿರದ ಗುರುತು ಇಲ್ಲ. ಒಂದು ಕೊರತೆ ಉಂಟು. 1:50,000 ಅಳತೆಯ ಹಾಳೆಯಲ್ಲಿ ಎರಡು ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಅಂತರ. ನಮ್ಮ ಬಯಲಿನ ಹಳ್ಳದ ದಂಡೆ ಎರಡಾಳು ಎತ್ತರವಿದ್ದರೆ ಹೆಚ್ಚು. ಅಂಥದ್ದು ಈ ಜಾಲರಿಯಲ್ಲಿ ಸೋಸಿಹೋಗುತ್ತದೆ.

ಈಗ ಹಳ್ಳ ಹುಡುಕುವುದು ಕಂಪ್ಯೂಟರ್. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ರೇಡಾರಿನಿಂದ ನೆಲದ ಎತ್ತರ ಅಳೆದ ಮೇಲೆ, ಆಮೇಲೆ ನಮ್ಮದೇ ಕಾರ್ಟೋಸ್ಯಾಟ್ 2005ರಲ್ಲಿ ಮೇಲೇರಿದ ಮೇಲೆ, ಜಲಾನಯನದ ಕೆಲಸ ಮಾಡುವವರು ಹಳ್ಳಗಳನ್ನು ಕೂತಲ್ಲೇ ಎಳೆಯಬಹುದು. ನೆಲವನ್ನು ಚೌಕಗಳಾಗಿ ಒಡೆದು, ಪ್ರತಿ ಚೌಕದ ನೀರು ಅಕ್ಕಪಕ್ಕದ ಎಂಟರಲ್ಲಿ ಯಾವುದಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಬಹಳ ಚೌಕಗಳ ನೀರು ಕೂಡುವ ಜಾಡನ್ನು ಗೆರೆಯಾಗಿಸುತ್ತದೆ ಯಂತ್ರ. ಇದರಲ್ಲೊಂದು ಹೆಜ್ಜೆ ಪದ ಹುಡುಕುವವರಿಗೆ ಹಬ್ಬ. ಲೆಕ್ಕ ಶುರುವಾಗುವ ಮೊದಲು ಸುತ್ತಲೂ ಎತ್ತರವಿರುವ ಒಂಟಿ ಕುಳಿಗಳನ್ನೆಲ್ಲ ತುಂಬಿಬಿಡಬೇಕು. ಇಲ್ಲದಿದ್ದರೆ ನೀರು ಅಲ್ಲೇ ನಿಂತು ಗೆರೆ ತುಂಡಾಗುತ್ತದೆ. ಅಂದರೆ ಧಾರವಾಡದ ಹಳ್ಳ ಸಿಗಬೇಕಾದರೆ ಮೈಸೂರಿನ ಹಳ್ಳ ಮುಚ್ಚಬೇಕು! ಈ ಸೀಮೆಯಲ್ಲಿ ಹಾಗೆ ತುಂಬಿಹೋಗುವ ಕುಳಿಗಳಲ್ಲಿ ಕೆರೆಯಂಗಳವೂ ಇದೆ, ಕಲ್ಲು ತೆಗೆದ ಗುಂಡಿಯೂ ಇದೆ, ಕೃಷಿ ಹೊಂಡವೂ ಇದೆ. ಹಳ್ಳಕ್ಕೆ ಅಡ್ಡ ಏರಿ ಹಾಕಿದ್ದೇ ಕೆರೆ. ಯಂತ್ರ ಅದನ್ನು ತುಂಬಿಸಿ, ಏರಿಯ ಮೇಲಿಂದಲೋ ಕೋಡಿಯಿಂದಲೋ ನೀರನ್ನು ಹೊರಡಿಸಿ ಮುಂದಕ್ಕೆ ಗೆರೆ ಎಳೆಯುತ್ತದೆ. ನಿಜವಾಗಿ ಕೋಡಿ ಎಲ್ಲಿದೆ ಎಂದು ತಿಳಿಯಲು ಊರಿಗೇ ಹೋಗಿ ನೀರುಗಂಟಿಯನ್ನು ಕೇಳಬೇಕು.

ಅಷ್ಟೆಲ್ಲ ನಕ್ಷೆಗಳಲ್ಲಿ ರೈತನ ಮನೆಗೆ ಬಂದು ಮುಟ್ಟುವುದು ಗ್ರಾಮ ನಕ್ಷೆ ಒಂದೇ. ಅದರಲ್ಲಿ ಬಣ್ಣವಿಲ್ಲ, ಎತ್ತರವಿಲ್ಲ. ಸರ್ವೆ ನಂಬರುಗಳ ನಡುವೆ ಎರಡು ಅಂಕುಡೊಂಕು ಗೆರೆ ಹಳ್ಳವಾಗಿ ಹೋಗಿರುತ್ತದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಉತ್ತರಕ್ಕೆ ಹಳ್ಳ’ ಎಂದು ಬರೆದಿದ್ದರೆ ಅದು ಮಳೆಗಾಲದ ಮಾತೋ ಬೇಸಗೆಯದೋ ಎಂದು ಯಾರೂ ಕೇಳುವುದಿಲ್ಲ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು ಕಳೆಯುತ್ತಾರೆ. ಬಂಡೆ, ಉಳಲಾಗದ ನೆಲ ‘ಅ’ ಖರಾಬು. ರಸ್ತೆ, ಕಾಲುದಾರಿ, ಬೇರೆಯವರೂ ಕುಡಿಯಲು ಬಳಸಲು ನೆಚ್ಚಿಕೊಂಡ ಕೆರೆ ಹಳ್ಳ ‘ಬ’ ಖರಾಬು. ವರ್ಷಗಟ್ಟಲೆ ಮಳೆ ಕೈಕೊಟ್ಟರೆ ಹಳ್ಳ ನೀರು ಕಾಣುವುದಿಲ್ಲ, ಜಾಲಿ ಬೆಳೆಯುತ್ತದೆ. ಪಕ್ಕದ ಹೊಲದ ಬದು ವರ್ಷಕ್ಕೆ ಒಂದು ಸಾಲಿನಷ್ಟು ಒಳಕ್ಕೆ ಸರಿಯುತ್ತದೆ. ಒಂದು ದಿನ ಜೆಸಿಬಿ ಬಂದು ತಗ್ಗನ್ನು ಸಮ ಮಾಡಿಬಿಡುತ್ತದೆ. ‘ಇಲ್ಲಿ ನೀರೇ ಹರಿಯಲ್ಲ, ಇದೆಂಥ ಹಳ್ಳ?’ ಎಂಬ ವಾದ ಆಗ ಹುಟ್ಟುತ್ತದೆ. ಟೋಪೋಶೀಟಿನ ಕಪ್ಪು ಗೆರೆಯ ತರ್ಕವೇ ಇದು, ಸ್ವಲ್ಪ ಮುಂದುವರಿದ ರೂಪದಲ್ಲಿ.

ತಕರಾರು ತಹಶೀಲ್ದಾರರವರೆಗೆ ಹೋದರೆ ಭೂಮಾಪಕರು ಟಿಪ್ಪಣಿ ತೆಗೆದು, ಬಾಂದು ಕಲ್ಲು ಹುಡುಕಿ, ಹಳ್ಳದ ಅಗಲ ಅಳೆಯುತ್ತಾರೆ. ನೀರಿದೆಯೋ ಎಂದು ನೋಡುವುದು ಅವರ ಕೆಲಸವಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮು ಸರಕಾರದ ಸ್ವತ್ತನ್ನು ಪಟ್ಟಿ ಮಾಡುವಾಗ ನದಿ, ತೊರೆ, ನಾಲಾ, ಕೆರೆಗಳ ಪಾತ್ರವನ್ನು ಒಂದಾಗಿ ಹೇಳಿ, ನಿಂತ ನೀರು ಹರಿವ ನೀರುಗಳನ್ನು ಬೇರೆಯಾಗಿ ಹೇಳುತ್ತದೆ. ಪಾತ್ರ ಎಂದರೆ ತುಂಬಿಸಿಕೊಳ್ಳುವಂಥದು, ಖಾಲಿಯಿದ್ದರೂ ಪಾತ್ರವೇ. ನಾಲಾ ಎಂಬ ಹೊರಗಿನ ಪದ ಹಿಡಿದು ಬರೆದ ಕಾಯಿದೆ, ಹಳ್ಳ ಎಂಬ ಪದ ಸಾವಿರ ವರ್ಷದಿಂದ ಹೇಳುತ್ತಿದ್ದುದನ್ನೇ ಹೇಳಿದೆ. ಹಾಗಾಗಿ ಒತ್ತುವರಿ ತೆರವಿನ ಪಂಚನಾಮೆಯಲ್ಲಿ ‘ಸದರಿ ಹಳ್ಳದಲ್ಲಿ ನೀರಿರುವುದಿಲ್ಲ’ ಎಂದು ಬರೆದ ಮೇಲೂ ಅದರ ಕೆಳಗಿನ ಸಾಲಿನಲ್ಲಿ ಹಳ್ಳದ ಉದ್ದ ಅಗಲವನ್ನು ಗುಂಟೆ ಲೆಕ್ಕದಲ್ಲಿ ನಮೂದಿಸಬಹುದು.